ಕಲ್ಲುಗಣಿಯ ಹೊಂಡದಲ್ಲಿ ಟೈಪಿಸ್ಟಮ್ಮ

ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟಮ್ಮನನ್ನು ಕುರ್ಚಿಯಿಂದ ಎಬ್ಬಿಸುವುದೆಂದರೆ ತುಂಬಿದ ಬೀರು ಜರುಗಿಸಿದಷ್ಟೇ ಕಷ್ಟ ಎಂದು ಜೊತೆಯವರು ನಗುತ್ತಿದ್ದರು. ನೀರಿನ ಬಾಟಲಿಯಿಂದ ಹಿಡಿದು ಫೈಲುಗಳವರೆಗೆ ಎಲ್ಲವನ್ನೂ ಅವಳು ಕೈಗೆಟಕುವಲ್ಲೇ ಇಟ್ಟುಕೊಂಡಿದ್ದಳು. ಐವತ್ತು ದಾಟಿದ್ದೇ ತಡ, ಮಂಡಿಗಳು ತಕರಾರು ತೆಗೆದವು. ಡಾಕ್ಟರು ಮುಲಾಜಿಲ್ಲದೆ ಹೇಳಿಬಿಟ್ಟರು: "ಮಾತ್ರೆ ಆಮೇಲೆ. ಮೊದಲು ನಡೀರಿ."

ನಡೆಯಲು ಕಾಲೇಜಿನ ಮೈದಾನವೇನೋ ಇತ್ತು. ಆದರೆ ಸಂಜೆ ಅಲ್ಲಿ ಪ್ರಿನ್ಸಿಪಾಲರೂ ನಡೆಯುತ್ತಿದ್ದರು; ಇವಳನ್ನು ಕಂಡಾಗಲೆಲ್ಲ ಅವರಿಗೆ ಟೈಪಾಗದೆ ಉಳಿದ ಯಾವುದೋ ಕಾಗದ ನೆನಪಾಗುತ್ತಿತ್ತು. ಟೈಪಿಸ್ಟಮ್ಮ ಮೈದಾನಕ್ಕೊಂದು ದೊಡ್ಡ ನಮಸ್ಕಾರ ಹಾಕಿ, ಗ್ರಂಥಾಲಯದ ಹಿಂದೆ ಕಾಂಪೌಂಡ್ ಗೋಡೆ ಕುಸಿದಿದ್ದ ಕಡೆ ಮೈ ತೂರಿಸಿಕೊಂಡು ಹೊರಗೆ ಬಿದ್ದಳು.

ಇಷ್ಟು ವರ್ಷ ಬೆನ್ನ ಹಿಂದೆಯೇ ಇದ್ದ ಲೋಕವನ್ನು ಅವಳು ಆವತ್ತೇ ನೋಡಿದ್ದು. ಮೊದಲು ಹಳಿ ಕಿತ್ತುಹೋದ ಹಳೆಯ ರೈಲುದಾರಿ. ಮಟ್ಟಸವಾದ ನೆಲ, ಎರಡೂ ಕಡೆ ಸೊಂಟದೆತ್ತರ ಹುಲ್ಲು, ಮಂಡಿಗೆ ಹಾಯೆನಿಸುವ ನಡಿಗೆ. ಅದು ಮುಗಿಯುವಲ್ಲಿ ನೀರಿನ ಟ್ಯಾಂಕಿನ ಗುಡ್ಡ. ತುದಿಯ ಬಂಡೆಯ ಮೇಲೆ ಕೂತರೆ ಕಾಲೇಜು ಕಾಲಡಿಯಲ್ಲಿ ಬೆಂಕಿಪೊಟ್ಟಣಗಳನ್ನು ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು. ಹಾಸ್ಟೆಲಿನ ಮಕ್ಕಳೆಲ್ಲ ಬಸ್ಸಿಗೆ ಜೋತುಬಿದ್ದು ಪೇಟೆಯ ಸಿನಿಮಾಕ್ಕೆ ಹೋಗುತ್ತಿದ್ದರೇ ಹೊರತು ಇತ್ತ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಟೈಪಿಸ್ಟಮ್ಮನೂ ಯಾರಿಗೂ ಬಾಯಿ ಬಿಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳು ಗುಡ್ಡದ ಆಚೆ ಬದಿಗೆ ಇಳಿದಳು. ಅಲ್ಲೊಂದು ಕಲ್ಲುಗಣಿ. ಕೆಲಸ ನಿಂತು ಎಷ್ಟೋ ಕಾಲವಾಗಿ, ಹೊಂಡದ ತುಂಬ ತಿಳಿನೀರು. ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳ ಮೇಲೆ ಒಂದು ಜೊತೆ ಚಪ್ಪಲಿ. ನೀರಿನ ನಡುವೆ ಕೈಕಾಲು ಚಾಚಿ, ಕಣ್ಣು ಮುಚ್ಚಿ, ಅಲುಗಾಡದೆ ಬಿದ್ದಿರುವ ಒಂದು ಹೆಣ್ಣು ದೇಹ.

"ಅಯ್ಯೋ, ಯಾರಾದ್ರೂ ಬನ್ರಪ್ಪಾ!" ಎಂದು ಟೈಪಿಸ್ಟಮ್ಮ ಬಂಡೆಗಳೆಲ್ಲ ಮಾರ್ದನಿಗೊಡುವ ಹಾಗೆ ಕೂಗಿಕೊಂಡಳು.

ದೇಹ ಕಣ್ಣು ಬಿಟ್ಟಿತು. "ಕೂಗ್ಬೇಡಿ ಅತ್ತಿಗೆ. ಬದುಕಿದೀನಿ."

ಗಂಡನ ತಂಗಿ. ಕಾಲೇಜಿನ ಗೇಟಿನೆದುರೇ ಹೊಲಿಗೆ ಅಂಗಡಿ ಇಟ್ಟಿದ್ದ ನಾದಿನಿ. ಹಿಂದೊಮ್ಮೆ ಅವಳು ಅಣ್ಣನ ಮನೆಗೆಂದು ಹೊಲಿದುಕೊಟ್ಟ ಪರದೆಗಳು ಗೇಣುದ್ದ ಮೋಟಾಗಿದ್ದವು. "ಕಿಟಕಿಗೆ ಚಡ್ಡಿ ಹಾಕಿದ ಹಾಗಿದೆ" ಎಂದು ಟೈಪಿಸ್ಟಮ್ಮ ನೆಂಟರೆದುರು ಅಂದುಬಿಟ್ಟಿದ್ದಳು. ಅಲ್ಲಿಗೆ ಮಾತು ಕಟ್ಟಾಯಿತು. ಆಮೇಲೆ ಆ ಮನೆಗೂ ಈ ಮನೆಗೂ ನಡುವೆ ಮಾತು ಹೊತ್ತವನು ಬಸ್ ಡ್ರೈವರ್ ಗಂಡನೇ. "ನಿಮ್ಮ ತಂಗಿಗೆ ಹೇಳಿ", "ನಿನ್ನ ಹೆಂಡತಿಗೆ ಹೇಳು" ಎಂಬುದನ್ನು ಕೇಳಿ ಕೇಳಿ ಅವನ ಕಿವಿ ಕೆಪ್ಪಾಗಿತ್ತು.

ಈಗ ನಡುವೆ ಅವನಿರಲಿಲ್ಲ. ಟೈಪಿಸ್ಟಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಏದುಸಿರು ಬಿಟ್ಟಳು.

"ಹೆಣ ಅನ್ಕೊಂಡೆ ಕಣೇ."

"ಹೆಣ ಆದ್ರೆ ನಿಮಗೇನು ನಷ್ಟ?" ನಾದಿನಿಯ ದನಿ ಬಿಗಿಯಾಗಿಯೇ ಇತ್ತು.

ಟೈಪಿಸ್ಟಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ನಾದಿನಿ ಈಜಿಕೊಂಡು ದಡಕ್ಕೆ ಬಂದಳು. ಪಕ್ಕದಲ್ಲಿ ಕೂತು ಕೂದಲು ಹಿಂಡಿಕೊಂಡಳು.

"ಇಡೀ ದಿನ ಮಿಷನ್ ಮುಂದೆ ಬಗ್ಗಿ ಬಗ್ಗಿ ಸೊಂಟ ಹೋಯ್ತು ಅತ್ತಿಗೆ. ಇಲ್ಲಿ ಬಿದ್ಕೊಂಡ್ರೆ ಮೈ ಇದೆ ಅನ್ನೋದೇ ಮರೆತುಹೋಗುತ್ತೆ."

"ಮಂಡಿಗೂ ಆಗುತ್ತಾ?"

"ಇಳೀರಿ, ನೋಡೋಣ."

"ನನ್ನ ಭಾರಕ್ಕೆ ಹೊಂಡದ ನೀರೆಲ್ಲ ಊರಿಗೆ ನುಗ್ಗುತ್ತೆ" ಎಂದಳು ಟೈಪಿಸ್ಟಮ್ಮ. ನಾದಿನಿ ತಡೆಯಲಾರದೆ ನಕ್ಕಳು.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಗಂಡನನ್ನು ಕೇಳಿದಳು: "ನಿಮ್ಮ ಡಿಪೋದಲ್ಲಿ ಟೈರಿನ ಹಳೇ ಟ್ಯೂಬ್ ಸಿಗುತ್ತಾ?"

"ಯಾಕೆ?"

"ಆಫೀಸಿಗೆ."

ಟೈಪು ಹೊಡೆಯಲು ಟೈರಿನ ಟ್ಯೂಬು ಯಾಕೆ ಬೇಕೋ ಅವನಿಗೆ ಬಗೆಹರಿಯಲಿಲ್ಲ, ಆದರೂ ತಂದುಕೊಟ್ಟ. ನಾದಿನಿ ಅತ್ತಿಗೆಗಾಗಿ ಗಟ್ಟಿ ಬಟ್ಟೆಯ ಉಡುಪೊಂದನ್ನು ಹೊಲಿದಳು. ಭಾನುವಾರಗಳು ಕಳೆದವು. ಮೊದಮೊದಲು ಟೈಪಿಸ್ಟಮ್ಮ ಟ್ಯೂಬಿನೊಳಗೆ ಕೂತು, ಮೆಟ್ಟಿಲಿಗೆ ಕಟ್ಟಿದ ಹಗ್ಗವನ್ನು ಪ್ರಾಣ ಹೋದರೂ ಬಿಡದೆ ಹಿಡಿದಿರುತ್ತಿದ್ದಳು. ಆಮೇಲೆ ಹಗ್ಗ ಬಿಟ್ಟಳು. ಕಾಲು ಬಡಿದರೆ ಮುಂದಕ್ಕೆ ಹೋಗುತ್ತೇನೆಂದು ಗೊತ್ತಾದ ದಿನ ಅವಳ ಖುಷಿ ಹೇಳತೀರದು.

ಪ್ರತಿ ಭಾನುವಾರ ಒದ್ದೆ ತಲೆಯಲ್ಲಿ, ಏನೋ ಗುನುಗುತ್ತ ಮನೆಗೆ ಬರುವ ಹೆಂಡತಿಯನ್ನು ಕಂಡು ಡ್ರೈವರನಿಗೆ ತಲೆ ಕೆಟ್ಟಿತು. ಒಂದು ಬೆಳಿಗ್ಗೆ ತುಸು ಹಿಂದೆ ಉಳಿದು ಅವಳನ್ನೇ ಹಿಂಬಾಲಿಸಿದ. ಗುಡ್ಡ ಹತ್ತಿ ಕೆಳಗೆ ನೋಡಿದರೆ, ತಾನೇ ತಂದುಕೊಟ್ಟ ಬಸ್ಸಿನ ಟ್ಯೂಬಿನಲ್ಲಿ ಹೆಂಡತಿ ಮಹಾರಾಣಿಯ ಹಾಗೆ ತೇಲುತ್ತಿದ್ದಾಳೆ. ತಂಗಿ ಹಿಂದಿನಿಂದ ತಳ್ಳುತ್ತಿದ್ದಾಳೆ. ಇಬ್ಬರದೂ ನಿಲ್ಲದ ಹರಟೆ. ಅವನು ಮೆಲ್ಲಗೆ ಇಳಿದು ಬಂದು ಮೆಟ್ಟಿಲ ಮೇಲೆ ಕೂತ.

"ಯಾವಾಗಿಂದ ನಡೀತಿದೆ ಇದು?"

"ಅಣ್ಣಾ, ಬಂದ್ಯಾ? ಆ ಟವಲ್ ಸ್ವಲ್ಪ ನೆರಳಿಗೆ ಇಡು" ಎಂದಳು ತಂಗಿ.

"ಮಾತಾಡ್ತಿದ್ದೀವಿ ಅಂತ ನನಗೊಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ನಿಮಗೆ ಕೆಲಸ ಇರ್ತಿರ್ಲಿಲ್ವಲ್ಲ" ಎಂದಳು ಹೆಂಡತಿ.

ಅವನು ಸಿಟ್ಟಾಗಬೇಕೆಂದೇ ಇದ್ದ. ಆದರೆ ನಗು ಬಂದುಬಿಟ್ಟಿತು. ಪ್ಯಾಂಟು ಮಡಚಿ ಕಾಲನ್ನು ನೀರಿಗೆ ಇಳಿಬಿಟ್ಟ. ನೀರು ತಣ್ಣಗಿತ್ತು.

ನಡುನೀರಿನಲ್ಲಿ ಟೈಪಿಸ್ಟಮ್ಮ ಒಂದು ಗಳಿಗೆ ಗಂಡನ ಕಡೆ, ಒಂದು ಗಳಿಗೆ ಎದುರು ದಡದ ಕಡೆ ನೋಡಿದಳು. ಆಮೇಲೆ ಟ್ಯೂಬಿನಿಂದ ಜಾರಿ ಹೊರಗೆ ಬಂದಳು.

"ಅತ್ತಿಗೆ, ಇವತ್ತೇ ಬೇಡ" ಎಂದಳು ನಾದಿನಿ, ಆದರೆ ತಡೆಯಲಿಲ್ಲ. ಟ್ಯೂಬನ್ನು ಎಳೆದುಕೊಂಡು ಪಕ್ಕದಲ್ಲೇ ಈಜತೊಡಗಿದಳು. ಟೈಪಿಸ್ಟಮ್ಮ ದಿಕ್ಕೆಟ್ಟವಳಂತೆ ಕೈ ಬಡಿದಳು, ನೀರು ಕುಡಿದಳು, ಕೆಮ್ಮಿದಳು, ಮತ್ತೆ ಬಡಿದಳು. ಇತ್ತ ಡ್ರೈವರ್ ಎದ್ದು ನಿಂತಿದ್ದ. ಕಡೆಗೂ ಅವಳ ಕೈಗೆ ಆಚೆ ದಡದ ಬಂಡೆ ಸಿಕ್ಕಿತು.

ಅದನ್ನು ತಬ್ಬಿ ಹಿಡಿದು ಸುಧಾರಿಸಿಕೊಂಡ ಮೇಲೆ ಅವಳು ಕೂಗಿ ಹೇಳಿದಳು: "ರೀ, ವಾಪಸ್ ಬರೋಕೆ ನನ್ನ ಕೈಲಾಗಲ್ಲ. ಚಪ್ಪಲಿ ತಗೊಂಡು ಸುತ್ತಿ ಬನ್ನಿ."