ಮ್ಯಾನೇಜರರ ಎಡಗೈ

ಕುವೈತಿನಲ್ಲಿ ನಮ್ಮ ಕಚೇರಿಯ ಮ್ಯಾನೇಜರರ ಎಡಗೈ ಸದಾ ತುಸು ಮೇಲೆದ್ದೇ ಇರುತ್ತಿತ್ತು, ಅವರು ಬೇಟೆಗೆಂದು ಸಾಕಿದ ಗಿಡುಗ ಅದರ ಮೇಲೆ ಕೂತಿದೆಯೋ ಎಂಬಂತೆ. ಚಹಾ ಕುಡಿಯುವುದು, ಸಹಿ ಹಾಕುವುದು, ಬೈಯುವುದು ಎಲ್ಲ ಬಲಗೈಯಲ್ಲೇ. ಹೊರದೇಶದ ಬೇಟೆಗಾರರನ್ನು ತಮ್ಮ ಮರುಭೂಮಿಗೆ ಕರೆದೊಯ್ದು, ಮರುವರ್ಷ ಅವರ ಸೀಮೆಗೆ ತಾವು ಬೇಟೆಗೆ ಹೋಗುವುದು ಅವರ ರೂಢಿ. "ಒಮ್ಮೆ ನನ್ನ ಮರಳು, ಒಮ್ಮೆ ನಿನ್ನ ಕಾಡು" ಎನ್ನುತ್ತಿದ್ದರು.

ಊರಲ್ಲಿ ಕಡವೆ ಹೊಡೆದಿದ್ದೇನೆಂದು ನಾನೊಮ್ಮೆ ಸುಳ್ಳೇ ಕೊಚ್ಚಿಕೊಂಡೆ. ಆ ಚಳಿಗಾಲ ನನ್ನನ್ನೂ ಕರೆದೊಯ್ದರು. ಮೂರು ದಿನ ಒಂದು ಹಕ್ಕಿಯೂ ಸಿಗದೆ ಡಬ್ಬಿಯ ಮೀನು ತಿಂದು ಬಂದೆವು. ಕಚೇರಿಯಲ್ಲಿ ಅವರು "ಎರಡು ಸಿಕ್ಕವು" ಎಂದಾಗ ನಾನು ಸುಮ್ಮನಿದ್ದೆ.

ಮರುವಾರವೇ ಕೇಳಿದರು: "ಯಲ್ಲಾ, ನಡಿ, ನಿನ್ನ ಕಾಡಿಗೆ ಯಾವಾಗ?"

ಹವಲ್ಲಿ ಬಡಾವಣೆಯ ನಮ್ಮ ಮನೆಯಲ್ಲಿ ವಿಷಯ ಕೇಳಿ ಹೆಂಡತಿ ಸೌಟು ಕೆಳಗಿಟ್ಟಳು. "ನಮ್ಮಲ್ಲಿ ಬೇಟೆ ಆಡಿದ್ರೆ ಜೈಲು ಅಂತ ಗೊತ್ತಿಲ್ವಾ ನಿಮಗೆ? ಎಂತಕ್ಕೆ ಬೇಕಿತ್ತು ಈ ಬಡಾಯಿ? ನಾಳೆಯೇ ಹೋಗಿ ಹೇಳಿ."

ಎರಡು ವಾರ ತಪ್ಪಿಸಿಕೊಂಡು ತಿರುಗಿ, ಕೊನೆಗೆ ಹೋಗಿ ಹೇಳಿದೆ. ಕಾನೂನು ಬಿಡುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ನಾನು ಕೋವಿ ಮುಟ್ಟಿದವನೇ ಅಲ್ಲ ಎಂದೆ. ಕೆಲಸ ಹೋಯಿತೆಂದೇ ಎಣಿಸಿದ್ದೆ.

ಅವರು ಬಾಗಿಲು ಮುಚ್ಚಿಸಿದರು. "ನನ್ನ ಎರಡು ಹಕ್ಕಿಯ ವಿಷಯ ಯಾರಿಗಾದರೂ ಹೇಳಿದ್ದೀಯಾ?"

"ಇಲ್ಲ."

"ನಿನ್ನ ಕಡವೆಯ ವಿಷಯ ನಾನೂ ಹೇಳುವುದಿಲ್ಲ. ನಿನ್ನ ಸರದಿ ಖಲಾಸ್."

ಆ ಎಡಗೈ ಮೇಜಿನ ಮೇಲೆ ಇಳಿದು ವಿಶ್ರಮಿಸಿದ್ದನ್ನು ಅಂದೇ ಮೊದಲು ನೋಡಿದೆ.