ಮೋರಿಯ ಚಪ್ಪಡಿ ಮತ್ತು ಬೆಳಗಿನ ಗಾಡಿಯ ಗುಂಪು

ಒಂದು ವಾರದಿಂದ ಕುಂಟುತ್ತಿದ್ದೇನೆ. ಕೇಳಿದವರಿಗೆಲ್ಲ ಕಾಲು ಉಳುಕಿದೆ ಎಂದಷ್ಟೇ ಹೇಳುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ದೇಶದ ಭವಿಷ್ಯವನ್ನು ಫೋನಿನಲ್ಲಿ ಓದುತ್ತಾ ನಡೆದು ಮೋರಿಗೆ ಬಿದ್ದೆ.

ನಮ್ಮದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಾಡಿ. ಪಾಸಿನವರೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡದ್ದು ಗಾಡಿ ಹೊರಟಿತೋ ಇಲ್ಲವೋ ತಿಳಿಯಲೆಂದು. ಈಗ ಅದೊಂದು ಬಿಟ್ಟು ಮಿಕ್ಕೆಲ್ಲ ತಿಳಿಯುತ್ತದೆ. ನಂದಿದುರ್ಗದ ಲೈನಿನ, ಅಂದರೆ ಚಿನ್ನದ ಗಣಿಯವರ ಸಾಲುಮನೆಗಳ, ಸೆಲ್ವರಾಜ್ ಒಂದು ಪಕ್ಷ, ಬೂದಿಕೋಟೆಯ ಮುನಿರಾಜು ಇನ್ನೊಂದು. ಇವನ ಪ್ರಕಾರ ಅವನು ದೇಶದ್ರೋಹಿ, ಅವನ ಪ್ರಕಾರ ಇವನು ಗುಲಾಮ. ನಮ್ಮ ಹಳೆಯ ತರ್ಕಶಾಸ್ತ್ರದವರು ಚರ್ಚೆಯಲ್ಲಿ ಮೂರು ಬಗೆ ಹೇಳಿದ್ದಾರೆ: ನಿಜ ತಿಳಿಯಲು ವಾದ, ಗೆಲ್ಲಲು ಜಲ್ಪ, ಬರೀ ಕೆಡವಲು ವಿತಂಡ. ಆ ವಿತಂಡದವರೂ ಎದುರಿನವನ ಮಾತು ಕೇಳಿಸಿಕೊಂಡು ಜಗಳವಾಡುತ್ತಿದ್ದರು. ನಮ್ಮವರಿಗೆ ಅಷ್ಟು ಪುರುಸೊತ್ತಿಲ್ಲ.

ಇದೇ ಸೆಲ್ವರಾಜ್ ದಿನಾ ಮಾರಿಕುಪ್ಪಂನಲ್ಲಿ ಹತ್ತಿ, ಸೀಟಿನ ಮೇಲೆ ಟವಲ್ ಹಾಸಿ, ಬಂಗಾರಪೇಟೆಯಲ್ಲಿ ಹತ್ತುವ ಮುನಿರಾಜುವಿಗೆ ಜಾಗ ಹಿಡಿದಿರುತ್ತಾನೆ. ಮುನಿರಾಜು ಬಂದವನೇ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾನೆ. ಇಬ್ಬರೂ ತಿಂದು ಕೈ ತೊಳೆದು, ಅಕ್ಕಪಕ್ಕದಲ್ಲೇ ಕೂತು, ಫೋನು ತೆಗೆದು ಒಬ್ಬರನ್ನೊಬ್ಬರು ಬೈಯಲು ಶುರುಮಾಡುತ್ತಾರೆ. ನೋಡಿದರೆ ಮೈ ಉರಿಯುತ್ತದೆ.

ಉಳಿದ ನಾವು ಸಜ್ಜನರು, ಏನೇ ಬಂದರೂ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುವವರು. ಕಟ್ಟಡದ ಕೂಲಿಗೆ ಇದೇ ಗಾಡಿಯಲ್ಲಿ ಬರುವ ಲಕ್ಷ್ಮಮ್ಮ ನಮ್ಮ ಲೈನಿನವರೇ. ಹೋದ ತಿಂಗಳು ಅವರು ಗುಂಪಿಗೆ ಒಂದು ಫೋಟೊ ಹಾಕಿ, ಜೊತೆಗೆ ಮಾತಾಡಿ ಕಳಿಸಿದ್ದರು. "ಮೋರಿ ಮ್ಯಾಲಿನ ಚಪ್ಪಡಿ ಒಡ್ದೈತೆ. ನಮ್ಮತ್ತೆಗೆ ಕಣ್ಣು ಮಂಜು, ದಿನಾ ಅದ್ರ ಮ್ಯಾಲೇ ನೀರಿಗೆ ಓಗ್ತಾರೆ. ಯಾರಾದ್ರೂ ಒಂದು ಅರ್ಜಿ ಬರ್ಕೊಡ್ರಪ್ಪಾ." ನಾನು ಗುಮಾಸ್ತ, ಅರ್ಜಿ ಬರೆಯುವುದೇ ನನ್ನ ಅನ್ನ. ಹೆಬ್ಬೆರಳು ಒತ್ತಿದೆ. ಒಂದು ಸಮಾಜಸೇವೆ ಮುಗಿಸಿದ ತೃಪ್ತಿಯೂ ಆಯಿತು. ಅಷ್ಟರಲ್ಲಿ ಆ ಚಪ್ಪಡಿ ಹಾಕಿಸಿದ್ದು ಯಾರ ಸರ್ಕಾರವೆಂಬ ಜಗಳ ಹತ್ತಿಕೊಂಡು, ಲಕ್ಷ್ಮಮ್ಮನ ಮಾತು ಅದರಡಿ ಹೂತುಹೋಯಿತು.

ಆ ಜಗಳದ ಮುಂದುವರಿದ ಭಾಗವನ್ನು ಓದುತ್ತಲೇ ನಾನು ಅದೇ ಚಪ್ಪಡಿಯ ಮೇಲೆ ಕಾಲಿಟ್ಟದ್ದು. ಎತ್ತಿದವರು ಯಾರೆಂದುಕೊಂಡಿರಿ? ಬಿಂದಿಗೆ ಕೆಳಗಿಟ್ಟು ಕೈ ಚಾಚಿದವರು ಲಕ್ಷ್ಮಮ್ಮನ ಅತ್ತೆ. ಅವರು ತಿಂಗಳಿಂದ ಕಾಲಲ್ಲೇ ತಡವಿ ತಡವಿ ಅದನ್ನು ದಾಟುತ್ತಿದ್ದರಂತೆ. ನನ್ನ ಮುಖದ ಹತ್ತಿರ ಬಗ್ಗಿ, ನಿಜವಾದ ಮರುಕದಿಂದ ಕೇಳಿದರು: "ನಿನ್ಗೂ ಕಣ್ಣು ಕಾಣ್ಸಲ್ವಾ ಸಾಮಿ?"

ನಾಚಿಕೆಯಿಂದ ಸಾಯುವಂತಾಯಿತು. ಮಾರನೆಯ ದಿನ ಗಾಡಿಯಲ್ಲೇ ಅರ್ಜಿ ಬರೆದೆ. ಲಕ್ಷ್ಮಮ್ಮ ಮೊದಲ ಸಹಿ ಹಾಕಿದರು. ನಮ್ಮ ಇಬ್ಬರು ವೀರರು ಮಾತ್ರ ಪೆನ್ನು ಮುಟ್ಟಲೊಲ್ಲರು. ಅವನ ಹೆಸರಿನ ಕೆಳಗೆ ಇವನು ಬರೆಯನಂತೆ, ಇವನ ಕೆಳಗೆ ಅವನು. ಲಕ್ಷ್ಮಮ್ಮ ಟವಲ್ಲನ್ನೇ ನೋಡುತ್ತಾ, "ಒಂದೇ ಟವಲ್ ಮ್ಯಾಲೆ ಕುಂತ್ಕಂತೀರ. ಒಂದೇ ಪೇಪರ್ ಮ್ಯಾಲೆ ಆಗಲ್ವಾ?" ಎಂದರು. ಇಬ್ಬರೂ ಹಾಕಿದರು, ಅಕ್ಕಪಕ್ಕದಲ್ಲಿ, ಸಾಲು ಸಮವಾಗಿದೆಯೇ ಎಂದು ನೋಡಿಕೊಂಡು.

ನಾನೂ ಸಹಿ ಹಾಕಿ ಅರ್ಜಿಯ ಫೋಟೊವನ್ನು ಗುಂಪಿಗೆ ಕಳಿಸಿದೆ. ಹೆಬ್ಬೆರಳುಗಳ ಮಳೆಯೇ ಸುರಿಯಿತು. ಸೋಮವಾರ ಅದನ್ನು ನಗರಸಭೆ ಕಚೇರಿಗೆ ಕೊಡಲು ನನ್ನ ಜೊತೆ ಯಾರು ಬರುತ್ತೀರಿ ಎಂದು ಕೇಳಿದೆ ನೋಡಿ, ಇಷ್ಟು ದಿನದಲ್ಲಿ ಮೊದಲ ಬಾರಿಗೆ ಗುಂಪು ಶಾಂತವಾಯಿತು. ಇಡೀ ಮಧ್ಯಾಹ್ನ ಎಡದವರಿಲ್ಲ, ಬಲದವರಿಲ್ಲ. ಸಂಜೆ ಲಕ್ಷ್ಮಮ್ಮನ ದನಿ ಬಂತು.

"ನಾನು ಬತ್ತೀನಿ ಸಾ. ನೀವು ಫೋನು ಜೇಬಲ್ಲಿ ಇಟ್ಕಂಡು, ನೆಲ ನೋಡ್ಕಂಡು ಬನ್ನಿ."