ಕುಂಟೆಯ ಮೇಲಿಂದ ಜಲಭೈರವಕ್ಕೆ

ಕಟಕೋಳದ ಉಮಾಶ್ರೀಗೆ ನೌಕಾಪಡೆಯಲ್ಲಿ ಸಿಕ್ಕಿದ್ದು ಹೆಸರು ಮಾಡಿದ ಯುದ್ಧನೌಕೆಯಲ್ಲ, ‘ಜಲಭೈರವ’ ಎಂಬ ಮುದಿ ಕಾವಲು ಹಡಗು. ಮೂವತ್ತು ವರ್ಷದ ಸೇವೆಯಲ್ಲಿ ಅದು ಒಂದು ಯುದ್ಧವನ್ನೂ ಕಂಡಿರಲಿಲ್ಲ. ಕಾರವಾರದಿಂದ ಹೊರಟು ಕರಾವಳಿ ಸುತ್ತುವುದು, ಕಳ್ಳಸಾಗಣೆಯ ದೋಣಿಗಳನ್ನು ಅಟ್ಟುವುದು, ಬಿರುಗಾಳಿಗೆ ಸಿಕ್ಕ ಮೀನುಗಾರರನ್ನು ಎತ್ತಿಕೊಂಡು ಬರುವುದು, ಇಷ್ಟೇ ಅದರ ಚರಿತ್ರೆ. ಕಣ ಕಾಯುವ ನಾಯಿಗೆ ಯಾರು ಪದಕ ಕೊಡುತ್ತಾರೆ? ಅದಿಲ್ಲದ ದಿನ ಬೆಲೆ ಗೊತ್ತಾಗುತ್ತದೆ ಅಷ್ಟೆ.

ಉಮಾಶ್ರೀಗೆ ನೀರೆಂದರೆ ಬಾವಿ, ಬಹಳವೆಂದರೆ ಮಲಪ್ರಭೆ. ಸಣ್ಣ ಹಡಗು ದೊಡ್ಡದಕ್ಕಿಂತ ಹೆಚ್ಚು ಹೊಯ್ದಾಡುತ್ತದೆ ಎಂಬುದು ಬಂದರು ದಾಟಿದ ಮೇಲೆಯೇ ತಿಳಿದದ್ದು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೊದಲ ಸಲ ಎಲ್ಲರಿಗೂ ಹೀಗೇ ಎಂದರು ಜೊತೆಯ ನಾವಿಕರು. ಎರಡನೆಯ ಸಲ ಕಾವಲಿನ ನಡುವೆಯೇ ಕುಸಿದು ಕೂತಳು. ಹಡಗಿನ ಕಮಾಂಡರ್ ಒಳ್ಳೆಯ ಮನುಷ್ಯ, ಆದರೆ ಮಾತು ಖಡಕ್. ಮುಂದಿನ ಪ್ರಯಾಣದಲ್ಲಿ ನಿಂತು ಕಾವಲು ಕಾಯದಿದ್ದರೆ ದಡದ ಉಗ್ರಾಣಕ್ಕೆ ಕಳಿಸುತ್ತೇನೆ ಎಂದುಬಿಟ್ಟರು. ಉಮಾಶ್ರೀಗೆ ಅಳು ಬಂತು, ಸಿಟ್ಟೂ ಬಂತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು? ಅಕ್ಕಿಮೂಟೆ ಕಾಯಲು ಆಕೆ ಊರು ಬಿಟ್ಟಿರಲಿಲ್ಲ.

ಅಪ್ಪ ಯಮನಪ್ಪನಿಗೆ ಫೋನು ಮಾಡಿದಳು. ಅವನು ಸಮುದ್ರ ಕಂಡವನಲ್ಲ. ಗುಡ್ಡದ ಎಲ್ಲಮ್ಮನಿಗೆ ಹರಕೆ ಹೊರುತ್ತಾನೇನೋ ಎಂದುಕೊಂಡರೆ ಅವನು ಕೇಳಿದ್ದು, ಅಲ್ಲಿ ನಿಂತಾಗ ಕಣ್ಣು ಎಲ್ಲಿರುತ್ತದೆ ಎಂದು. ಕಾಲಡಿ ಹಾಯುವ ತೆರೆಗಳ ಮೇಲೆ ಎಂದಳು.

"ಸಣ್ಣಾಕಿ ಇದ್ದಾಗ ಕುಂಟಿ ಮ್ಯಾಲೆ ನಿಂದ್ರಸತಿದ್ನಿ, ನೆನಪ ಐತೇನ? ಆವಾಗ ಏನ್ ಹೇಳತಿದ್ನಿ? ಹೆಂಟಿ ನೋಡಬ್ಯಾಡ, ಬದು ನೋಡು."

ಎರೆಹೊಲ ಹರಗುವಾಗ ಭಾರಕ್ಕೆಂದು ಮಕ್ಕಳನ್ನು ಎತ್ತು ಎಳೆಯುವ ಕುಂಟೆಯ ಮೇಲೆ ನಿಲ್ಲಿಸುವುದು ಆ ಕಡೆಯ ರೂಢಿ. ಮಣ್ಣಿನ ಹೆಂಟೆಗಳ ಮೇಲೆ ಕುಂಟೆ ಎಗರುತ್ತದೆ. ಕಾಲ ಕೆಳಗೆ ನೋಡಿದವರು ಬಿದ್ದರು. ಮೊಣಕಾಲು ಸಡಿಲ ಬಿಟ್ಟು, ಹೊಲದಂಚಿನ ಬದುವಿನಲ್ಲಿ ಕಣ್ಣು ನೆಟ್ಟವರು ನಿಂತರು. ಉಮಾಶ್ರೀ ಒಮ್ಮೆಯೂ ಬಿದ್ದವಳಲ್ಲ.

ಮುಂದಿನ ಪ್ರಯಾಣದಲ್ಲಿ ಗಾಳಿ ಜೋರಿತ್ತು. ಆಕಾಶ ನೀರನ್ನು ಮುಟ್ಟುವ ಗೆರೆಯನ್ನೇ ಬದು ಮಾಡಿಕೊಂಡು ಉಮಾಶ್ರೀ ನಿಂತಳು. ವಾಂತಿಯಾಯಿತು, ಬಾಯಿ ಒರೆಸಿಕೊಂಡು ಮತ್ತೆ ನಿಂತಳು. ಆ ಗೆರೆಯ ಮೇಲೆಯೇ ಯಾರೋ ಕೆಂಪು ಬಟ್ಟೆ ಬೀಸುವುದು ಅವಳಿಗೆ ಕಂಡಿತು. ಎಂಜಿನ್ ಕೆಟ್ಟ ಮೀನುದೋಣಿ. ಅದರಲ್ಲಿದ್ದವರೆಲ್ಲ ಜೀವಸಹಿತ ಹಡಗು ಹತ್ತಿದರು. ಉಗ್ರಾಣದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಜಲಭೈರವ ಕಾಪಾಡಿದ ಕೊನೆಯ ದೋಣಿ ಅದು.

ಮರುವರ್ಷ ಹಡಗಿಗೆ ನಿವೃತ್ತಿಯಾಯಿತು. ಕೊನೆಯ ಸಲ ಬಾವುಟ ಇಳಿಸುವ ಸಂಜೆಗೆ ಮನೆಯವರಿಗೂ ಕರೆ ಇತ್ತು. ಯಮನಪ್ಪ ಹೊಸ ರುಮಾಲು ಸುತ್ತಿ, ರೊಟ್ಟಿ ಶೇಂಗಾ ಚಟ್ನಿಯ ಗಂಟು ಹಿಡಿದು ಬಂದ. ಹಗ್ಗ ಕಟ್ಟಿ ನಿಲ್ಲಿಸಿದ್ದರೂ ಹಡಗು ಸಣ್ಣಗೆ ತೂಗುತ್ತಿತ್ತು. ಹತ್ತಿದವನೇ ಕೆಳಗಿನ ನೀರು ನೋಡಿದ, ತಲೆ ಗಿರ್ರೆಂದಿತು, ಕಂಬಿ ಹಿಡಿದುಕೊಂಡ. ಬಿಳಿ ಸಮವಸ್ತ್ರದ ಮಗಳು ಬಂದು ತೋಳು ಹಿಡಿದಳು.

"ಯಪ್ಪಾ, ಹೆಂಟಿ ನೋಡಬ್ಯಾಡ. ಬದು ನೋಡು."

ಯಮನಪ್ಪ ತಲೆ ಎತ್ತಿದ. ಬಾವುಟ ಪೂರ್ತಿ ಇಳಿಯುವವರೆಗೂ ನೆಟ್ಟಗೆ ನಿಂತ.